ಚುಕ್ಕೆಯ ನಂತರದ ನಲವತ್ತು

ಅಮೋನಿಯಾದ ವಾಸನೆ ಮೂಗಿಗೆ ತಾಗಿದರೆ ಇನ್‌ಸ್ಪೆಕ್ಟರಿಗೆ ಇವತ್ತಿಗೂ ತಂದೆಯ ಅಂಗಿ ನೆನಪಾಗುತ್ತದೆ. ನೀಲಿ ನಕ್ಷೆ ತೆಗೆಯುವ ಯಂತ್ರದ ಮುಂದೆ ದಿನವಿಡೀ ನಿಂತು, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ ತಂದೆ, ಮಗಳನ್ನು ಎತ್ತಿಕೊಳ್ಳುವ ಮೊದಲು ಬಾಗಿಲಲ್ಲೇ ಅಂಗಿ ಕಳಚುತ್ತಿದ್ದರು. ಮಗಳಿಗೋ ಆ ಖಾರದ ವಾಸನೆಯೇ ಬೇಕು. ಅಂಗಿಯನ್ನು ಮೂಗಿಗೆ ಒತ್ತಿಕೊಂಡು ಸೀನುವುದು, ಮತ್ತೆ ಒತ್ತಿಕೊಳ್ಳುವುದು.

ಮಂಗಳವಾರ, 14ನೇ ತಾರೀಖು, ಬೆಳಿಗ್ಗೆ 9.40ಕ್ಕೆ ಅದೇ ವಾಸನೆ ಠಾಣೆಯೊಳಗೆ ಬಂತು. ಅದನ್ನು ತಂದವಳು ನಲವತ್ತರ ಆಸುಪಾಸಿನ ಹೆಂಗಸು. ಕಂಕುಳಲ್ಲಿ ನೀಲಿ ನಕ್ಷೆಯ ಸುರುಳಿ, ಕೈಯಲ್ಲಿ ರಟ್ಟಿನ ಹೊದಿಕೆಯ ಪುಸ್ತಕ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದವಳಿಗೆ ದಫೇದಾರರು ಏನೂ ಕೇಳದೆ ಫ್ಯಾನಿನ ಕೆಳಗಿನ ಕುರ್ಚಿಯನ್ನು ಎಳೆದುಕೊಟ್ಟರು.

“ನಮ್ಮ ಮನೆಯವರು ನಿನ್ನೆಯಿಂದ ಬಂದಿಲ್ಲ ಮೇಡಂ.”

“ಏನ್ ಕೆಲಸ ಅವರಿಗೆ?”

“ನಕ್ಷೆ ಲ್ಯಾಬಿನಲ್ಲಿ ಸರ್ವೇಯರು. ಮೊದಲೆಲ್ಲ ಸರಪಳಿ ಹಿಡಿದು ಅಳೀತಿದ್ರಲ್ಲ, ಎಲ್ಲರೂ ಸರಪಳಿ ಅಂತಲೇ ಕರೀತಾರೆ.”

“ನಿನ್ನೆ ಎಲ್ಲಿಗೆ ಹೋಗಿದ್ರು?”

“ಕಲ್ಲುಗುಡ್ಡಕ್ಕೆ. ಕ್ವಾರಿಯ ಗಡಿಕಲ್ಲು ನಕ್ಷೆಗೆ ಸರಿಹೊಂದುತ್ತಾ ನೋಡ್ತೀನಿ ಅಂದ್ರು. ಮೇಜಿನ ಮೇಲೆ ಇದ್ದಿದ್ದನ್ನೆಲ್ಲ ತಂದಿದೀನಿ. ಹಳೇ ನಕ್ಷೆ, ಹೋದ ತಿಂಗಳ ಅಳತೆ ಪುಸ್ತಕ.”

“ಮನೇಲಿ ಜಗಳ ಏನಾದ್ರೂ?”

“ಆಯ್ತು.” ಹೆಂಗಸು ತಲೆ ತಗ್ಗಿಸಿದಳು. “ಸಾಕ್ಸ್ ಒದ್ದೆ ಇತ್ತು, ಅದಕ್ಕೆ. ಮನೆ ಬಿಟ್ಟು ಹೋಗೋ ಅಂಥ ಜಗಳ ಅಲ್ಲ.”

“ಅಲ್ಲವೇ ಅಲ್ಲ,” ಎಂದರು ದಫೇದಾರರು. “ಆ ಲೆಕ್ಕಕ್ಕೆ ನಾನು ಮನೆ ಬಿಟ್ಟು ಇಪ್ಪತ್ತು ವರ್ಷ ಆಗಿರ್ಬೇಕಿತ್ತು.”

ಹೆಂಗಸಿನ ಬಿಗಿದ ತುಟಿ ಒಂದಿಷ್ಟು ಸಡಿಲವಾಯಿತು. ಅದಕ್ಕೆಂದೇ ಆಡಿದ ಮಾತು ಅದು. ಹಿಂದಿನ ದಿನ ಸಂಜೆ ಆರಕ್ಕೆ ಅವಳು ಲ್ಯಾಬಿನ ಮೇಷ್ಟ್ರಿಗೆ ಫೋನ್ ಮಾಡಿದ್ದಳಂತೆ. ಕೆಲಸ ಉಳಿದಿರಬೇಕು, ಬರ್ತಾನೆ ಬಿಡಮ್ಮ ಎಂದಿದ್ದರಂತೆ. ಗಂಡನ ಫೋನು ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು.

ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾದದ್ದು 10.05ಕ್ಕೆ.

ನಕ್ಷೆ ಲ್ಯಾಬು ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಪರದೆಗಳ ಮೇಲೆ ಬೆಳಕು ಬೀಳದಿರಲೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ಹಗಲೋ ಮಳೆಯೋ ಒಳಗಿದ್ದವರಿಗೆ ಗೊತ್ತಾಗುವಂತಿರಲಿಲ್ಲ. ಅಲ್ಲಿ ಕೆಲಸ ಕಲಿತು ಹೋದವರೆಲ್ಲ ಮೇಷ್ಟ್ರು ಎಂದು ಕರೆಯುವ ಮುಖ್ಯಸ್ಥರು ತಾವು ಕೂತಿದ್ದ ಕುರ್ಚಿಯನ್ನೇ ಇನ್‌ಸ್ಪೆಕ್ಟರಿಗೆ ಬಿಟ್ಟುಕೊಟ್ಟು, ಟೇಬಲ್ ಫ್ಯಾನನ್ನು ಅವರ ಕಡೆ ತಿರುಗಿಸಿದರು. ಐವತ್ತೈದರ ತೆಳ್ಳಗಿನ ಮನುಷ್ಯ. ಗೋಡೆಯ ಮೇಲೆ ಅವರದೇ ದುಂಡಗಿನ ಕೈಬರಹದಲ್ಲಿ, ಹೊಸಬರಿಗಾಗಿ, ಹನ್ನೊಂದು ಸೂಚನೆಗಳ ಪಟ್ಟಿ ಇತ್ತು. ಕೊನೆಯದು: ಕಾಫಿ ಲೋಟ ಕೀಬೋರ್ಡಿನಿಂದ ಒಂದು ಮೊಳ ದೂರವಿರಲಿ. ಮೊದಲನೆಯದು: ಹೆಸರು ಬದಲಿಸಿದರೆ ಜಾಗ ಬದಲಾಗುವುದಿಲ್ಲ.

“ಇದೇನು, ವೇದಾಂತವಾ?”

“ಅಲ್ಲ ಮೇಡಂ, ನಮ್ಮ ದಿನದ ಗೋಳು.” ಮೇಷ್ಟ್ರು ಮೆಲ್ಲಗೆ ನಕ್ಕರು. “ಹಳೇ ನಕ್ಷೆಗಳ ಅಳತೆ ಶುರುವಾಗೋ ಜಾಗವೇ ಬೇರೆ, ಈಗಿನ ಉಪಗ್ರಹದ ಲೆಕ್ಕವೇ ಬೇರೆ. ಹಳೇದನ್ನ ಸಾಫ್ಟ್‌ವೇರ್‌ಗೆ ಹಾಕಿದಾಗ, ಇದು ಯಾವ ಲೆಕ್ಕದ್ದು ಅಂತ ಅದು ಕೇಳುತ್ತೆ. ಹಳೇ ಲೆಕ್ಕ ಅಂತ ಹೇಳಿ, ಆಮೇಲೆ ಹೊಸದಕ್ಕೆ ಪರಿವರ್ತನೆ ಮಾಡ್ಬೇಕು. ಅವಸರದಲ್ಲಿ ಸುಮ್ನೆ ಹೊಸ ಹೆಸರು ಕೊಟ್ಟುಬಿಟ್ರೆ ಅದು ನಂಬಿಬಿಡುತ್ತೆ. ಇಡೀ ನಕ್ಷೆ ಇನ್ನೂರು ಮೀಟರ್ ಪಕ್ಕಕ್ಕೆ ಕೂತ್ಕೊಳುತ್ತೆ.”

“ಯಾರಿಗೂ ಗೊತ್ತಾಗಲ್ವಾ?”

“ಗೆರೆಗಳೆಲ್ಲ ಒಟ್ಟಿಗೇ ಸರಿಯುತ್ವಲ್ಲ, ಒಂದಕ್ಕೊಂದು ಹೊಂದಿಕೊಂಡೇ ಇರುತ್ವೆ. ನೆಲದ ಮೇಲೆ ಹೋಗಿ ನಿಂತವನಿಗೆ ಮಾತ್ರ ಗೊತ್ತಾಗೋದು.”

ಇನ್‌ಸ್ಪೆಕ್ಟರ್ ವಿಷಯಕ್ಕೆ ಬಂದರು. ಸೋಮವಾರ ಸರಪಳಿ ಫೋನ್ ಮಾಡಿದ್ದನೇ?

“ಮಾಡಿದ್ದ. ಮಧ್ಯಾಹ್ನ ಮೂರೂವರೆ ಮೇಲೆ.”

“ಏನಂದ್ರು?”

“ತಾನು ನಿಂತಿರೋ ಜಾಗದ ರೀಡಿಂಗ್ ಹೇಳಿದ.” ಮೇಷ್ಟ್ರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಕ್ಷಾಂಶ, ರೇಖಾಂಶಗಳ ಡಿಗ್ರಿ ಬರೆದು, ಮುಂದೆ: 26 ನಿಮಿಷ 40 ಸೆಕೆಂಡ್, 52 ನಿಮಿಷ 10 ಸೆಕೆಂಡ್. ಬರೆಯುವಾಗ ಅವರ ಪೆನ್ನು ಎರಡು ಸಲ ನಿಂತಿತು. ಶಿಷ್ಯನ ಚಿಂತೆ ಇರಬೇಕು ಎಂದುಕೊಂಡರು ಇನ್‌ಸ್ಪೆಕ್ಟರ್.

ಕಲ್ಲುಗುಡ್ಡದ ಗೇಟಿನ ಬಳಿ ಸರಪಳಿಯ ಬೈಕು ಸಿಕ್ಕಿತು. ಗಡಿಯ ತಪಾಸಣೆ ಮುಗಿಯುವವರೆಗೆ ಕ್ವಾರಿಯ ಕೆಲಸ ನಿಲ್ಲಿಸಿದ್ದರಿಂದ ಗುಡ್ಡದ ಮೇಲೆ ನರಪಿಳ್ಳೆ ಇರಲಿಲ್ಲ. ಚೀಟಿಯ ಅಂಕಿಗಳನ್ನು ಫೋನಿಗೆ ಹಾಕಿ ದಫೇದಾರರು ಮುಂದೆ ನಡೆದರು.

“ಹೋದ ವಾರ ಇದೇ ಫೋನು ನನ್ನನ್ನ ಕೆರೆ ಒಳಗೆ ಎಡಕ್ಕೆ ತಿರುಗು ಅಂತು ಮೇಡಂ,” ಎಂದು ಗೊಣಗಿದರು. ಹತ್ತು ನಿಮಿಷದ ನಂತರ ಫೋನು ಹೇಳಿದ ಕಡೆ ಬಂದು ನಿಂತರು. ಎದುರಿಗೆ ಕೈಬಿಟ್ಟ ಹಳೆಯ ಕ್ವಾರಿಯ ಗುಂಡಿ, ಅಂಚಿನವರೆಗೂ ಹಸಿರುಗಟ್ಟಿದ ನೀರು.

ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ ಮುಳುಗುಗಾರರು ನೀರು ಕಲಕಿದರು. ದಡದ ಬಂಡೆಯ ಮೇಲೆ ಹೆಂಡತಿ ಕೂತೇ ಇದ್ದಳು. ಹುಡುಕುವವರ ದನಿ ತಗ್ಗುತ್ತಾ ಬಂದದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದರು. ಮೊದಲು ಹೆಸರು ಹಿಡಿದು ಕೂಗುತ್ತಿದ್ದರು, ಆಮೇಲೆ ಕೂಗುವುದನ್ನೇ ಬಿಟ್ಟರು. ನೀರಿನಲ್ಲಿ ಇರುವವನನ್ನು ಯಾರೂ ಕೂಗಿ ಕರೆಯುವುದಿಲ್ಲ. ಹೊರಡುವಾಗ ಮುಳುಗುಗಾರರಲ್ಲಿ ಹಿರಿಯನೊಬ್ಬ ತನ್ನ ಒಣಗಿದ ಟವಲನ್ನು ಆ ಹೆಂಗಸಿನ ಹೆಗಲಿಗೆ ಹೊದಿಸಿ, “ನಾಳೆ ಬರ್ತೀವಮ್ಮ,” ಎಂದ. ಸಿಗುತ್ತಾರೆ ಎನ್ನಲಿಲ್ಲ.

ಬುಧವಾರ, 15ನೇ ತಾರೀಖು, ಬೆಳಿಗ್ಗೆ 8.30. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಸರಪಳಿಯ ಫೋನಿನ ವಿವರ ಬಂದಿತ್ತು. ಸೋಮವಾರ 3.46ಕ್ಕೆ ಮೇಷ್ಟ್ರಿಗೆ ಕರೆ, ನಾಲ್ಕು ನಿಮಿಷ. ಅದರ ಕೆಳಗೆ ಇನ್ನೊಂದು ಸಾಲು: 4.05ಕ್ಕೆ ಅದೇ ನಂಬರಿಗೆ ಒಂದು ಮೆಸೇಜು. ಮೇಷ್ಟ್ರು ಮೆಸೇಜಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಅಳತೆ ಪುಸ್ತಕ ತೆರೆದರು. ಹೋದ ತಿಂಗಳು ಇದೇ ಗುಡ್ಡದಲ್ಲಿ ತೆಗೆದ ರೀಡಿಂಗುಗಳು, ಪುಟಗಟ್ಟಲೆ. 26.31. 26.58. ಬೆರಳು ಕೆಳಗಿಳಿಯುತ್ತಾ 26.85 ಎಂಬಲ್ಲಿ ನಿಂತಿತು.

“ದಫೇದಾರ್ರೇ, ನಿಮ್ಮ ಗಡಿಯಾರದಲ್ಲಿ ಎಂಬತ್ತೈದು ಸೆಕೆಂಡ್ ಆಗುತ್ತಾ?”

“ಅರವತ್ತಕ್ಕೆ ಮುಗೀತಲ್ಲ ಮೇಡಂ. ನಮ್ಮ ಠಾಣೆ ಗಡಿಯಾರದ ಮಾತು ಮಾತ್ರ ಕೇಳಬೇಡಿ, ಅದು ನಿಂತು ವರ್ಷವಾಯ್ತು.”

“ಹಾಗಾದ್ರೆ ಚುಕ್ಕೆಯ ನಂತರ ಇರೋದು ಸೆಕೆಂಡ್ ಅಲ್ಲ.”

ಲ್ಯಾಬಿನಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದ ಹುಡುಗಿಯನ್ನು ಲ್ಯಾಪ್‌ಟಾಪ್ ಸಮೇತ ಠಾಣೆಗೆ ಕರೆಸಿದರು. ಬಾಯಿ ಮುಚ್ಚದವಳು ಎಂದು ಅವಳಿಗೆ ಅಲ್ಲಿ ಗಿಳಿ ಎಂದು ಹೆಸರು. ಬಂದವಳು ಬಾಗಿಲಿನಿಂದಲೇ ಶುರುಮಾಡಿದಳು.

“ಮೇಷ್ಟ್ರು ನಿನ್ನೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ ಮೇಡಂ. ನಮ್ಮನ್ನೆಲ್ಲ ಮನೆಗೆ ಕಳಿಸಿ ಒಳಗಿನಿಂದ ಬಾಗಿಲು ಹಾಕ್ಕೊಂಡಿದಾರೆ. ಸರಪಳಿ ಅಣ್ಣನ ಚಿಂತೇಲಿ ಅವರು ಏನಾದ್ರೂ—”

“ಕೂತ್ಕೊ. ಮೊದಲು ಇದು ಏನು ಹೇಳು.” ಇನ್‌ಸ್ಪೆಕ್ಟರ್ 26.85 ತೋರಿಸಿದರು.

“ಇದಾ? ಅಣ್ಣನ ಯಂತ್ರ ಹಾಗೇ ತೋರ್ಸೋದು. ಇಪ್ಪತ್ತಾರು ನಿಮಿಷ, ಚುಕ್ಕೆ ಆದ್ಮೇಲೆ ಇರೋದು ನಿಮಿಷದ ನೂರನೇ ಭಾಗ. ಸೆಕೆಂಡ್ ಬೇಕು ಅಂದ್ರೆ ಅದನ್ನ ಅರವತ್ತರಿಂದ ಗುಣಿಸಿ ನೂರರಿಂದ ಭಾಗಿಸ್ಬೇಕು. ಎಲ್ಲರೂ ಮೊದಲನೇ ವಾರ ಎಡವೋ ಕಲ್ಲು ಇದು. ನಾನೂ ಎಡವಿದ್ದೆ, ಮೇಷ್ಟ್ರು ಬೈದು ಗೋಡೆ ಓದಿಸಿದ್ರು. ಗೋಡೇಲಿ ಮೂರನೇದು, ಚುಕ್ಕೆಯ ನಂತರದ್ದೆಲ್ಲ ಸೆಕೆಂಡ್ ಅಲ್ಲ.”

ಇನ್‌ಸ್ಪೆಕ್ಟರ್ ಚೀಟಿಯನ್ನು ಮುಂದಿಟ್ಟರು. “ಇದು 26.40 ಆಗಿದ್ರೆ?”

“ಇಪ್ಪತ್ತಾರು ನಿಮಿಷ ಇಪ್ಪತ್ತನಾಲ್ಕು ಸೆಕೆಂಡ್. ಇದರಲ್ಲಿ ನಲವತ್ತು ಅಂತ ಬರೆದಿದೆ. ಹದಿನಾರು ಸೆಕೆಂಡ್ ತಪ್ಪು. ಒಂದು ಸೆಕೆಂಡ್ ಅಂದ್ರೆ ನೆಲದ ಮೇಲೆ ಮೂವತ್ತು ಮೀಟರ್ ಚಿಲ್ಲರೆ, ಅಂದ್ರೆ... ಅರ್ಧ ಕಿಲೋಮೀಟರ್! ಯಾರು ಬರೆದಿದ್ದು ಇದನ್ನ, ಯಾವ ಹೊಸಬ—”

ಆ ದುಂಡಗಿನ ಅಕ್ಷರಗಳನ್ನು ಅವಳು ದಿನವೂ ಗೋಡೆಯ ಮೇಲೆ ನೋಡುತ್ತಿದ್ದಳು.

“ಅವರು ಈ ತಪ್ಪು ಮಾಡೋರಲ್ಲ ಮೇಡಂ,” ಎಂದಳು. ಮೇಷ್ಟ್ರ ಪರವಾಗಿ ಹೇಳಲು ಹೊರಟ ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ಬೇರೆಯೇ ಆಗಿತ್ತು.

“ಸರಿಯಾದ ಜಾಗ ಹಾಕು. ಬೇಗ.”

ಗಿಳಿ ಅಂಕಿ ಹಾಕಿದಳು. ನೀರಿನ ಗುಂಡಿಯಿಂದ ದಕ್ಷಿಣಕ್ಕೆ, ನಡುವೆ ಒಂದು ಕೋಡುಗಲ್ಲಿನ ಸಾಲು ದಾಟಿ, ಬರೀ ಕುರುಚಲು ಗಿಡ ಕಾಣಿಸುವ ಬಯಲಿನ ಮೇಲೆ ಕೆಂಪು ಗುರುತು ಬಿತ್ತು.

“ಇಲ್ಲೇನೂ ಇಲ್ವಲ್ಲ,” ಎಂದರು ದಫೇದಾರರು.

“ತಾಳಿ ಸಾರ್. ಎಲ್ಲರ ಫೋನಲ್ಲೂ ಕಾಣೋ ಚಿತ್ರ ಇವತ್ತಿನದಲ್ಲ. ಇದರ ತಾರೀಖು ನೋಡಿ, ನಾಲ್ಕು ವರ್ಷ ಹಳೇದು.” ಅವಳ ಬೆರಳು ಓಡುತ್ತಿತ್ತು. “ಹೊಸ ಉಪಗ್ರಹ ಚಿತ್ರ ತೆಗೀತೀನಿ. ಮೂರು ದಿನದ ಹಿಂದಿಂದು ಇದೆ, ಆದ್ರೆ ಮೋಡ. ಹೊಸದು ಸಿಕ್ತು ಅಂತ ಹಾರಿಬೀಳಬಾರ್ದು. ಎಂಟು ದಿನದ ಹಿಂದಿಂದು ಶುಭ್ರವಾಗಿದೆ.”

ಪರದೆಯ ಮೇಲೆ ಬಯಲು ಮತ್ತೆ ಮೂಡಿತು. ಕೆಂಪು ಗುರುತಿನ ಅಡಿಯಲ್ಲೀಗ ಕುರುಚಲು ಇರಲಿಲ್ಲ. ಸುಣ್ಣದಂಥ ಬಿಳಿ ತೇಪೆ.

“ಇದರಲ್ಲಿ ಮನುಷ್ಯ ಕಾಣಲ್ವಾ?”

“ಇಲ್ಲ ಮೇಡಂ. ಒಂದು ಚೌಕ ಅಂದ್ರೆ ಹತ್ತು ಮೀಟರ್, ಲಾರಿನೂ ಕಾಣಲ್ಲ. ಆದ್ರೆ ಪೂರ್ವದ ಅಂಚಲ್ಲಿ ಎರಡು ಚೌಕ ಕಪ್ಪಗಿದೆ ನೋಡಿ. ಉಪಗ್ರಹ ಹಾಯೋದು ಬೆಳಿಗ್ಗೆ ಹತ್ತೂವರೆಗೆ, ಬಿಸಿಲು ಪೂರ್ವದಿಂದ ಓರೆಯಾಗಿ ಬರುತ್ತೆ. ಪೂರ್ವದ ಗೋಡೆ ಒಳಗೆ ಇಪ್ಪತ್ತು ಮೀಟರ್ ನೆರಳು ಚೆಲ್ಲಿದೆ ಅಂದ್ರೆ—” ಅವಳು ಆ ಕಪ್ಪು ಅಂಚಿನ ಮೇಲೆ ಬೆರಳಿಟ್ಟಳು. “ಇದು ಗುಂಡಿ. ಹೊಸ ಗುಂಡಿ. ಅರವತ್ತು ಅಡಿ ಆಳ ಇರಬಹುದು.”

ಬೆಳಿಗ್ಗೆ 11.20ಕ್ಕೆ ಅಗ್ನಿಶಾಮಕದವರು ಹಗ್ಗ ಏಣಿಗಳ ಸಮೇತ ಕೋಡುಗಲ್ಲುಗಳನ್ನು ದಾಟಿದರು. ಬೇಲಿ ಇಲ್ಲ, ಫಲಕ ಇಲ್ಲ. ಗಿಡಗಳ ನಡುವೆ ನೆಲ ಒಮ್ಮೆಗೇ ಕಡಿದುಹೋಗಿತ್ತು. ದಫೇದಾರರು ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ಇಣುಕಿದರು.

“ಸರಪಳೀ!”

ಏನಿಲ್ಲ. ಗಾಳಿಯ ಸದ್ದು. ಇನ್ನೊಮ್ಮೆ ಕೂಗಿದರು. ಕೆಳಗಿನಿಂದ ಕಲ್ಲಿಗೆ ಕಲ್ಲು ಬಡಿದ ಶಬ್ದ, ನಿಧಾನವಾಗಿ, ಮೂರು ಸಲ.

ಮೂವತ್ತು ಅಡಿ ಕೆಳಗೆ ಕಲ್ಲು ಕಡಿಯಲು ಮಾಡಿದ್ದ ಅಗಲದ ಮೆಟ್ಟಿಲೊಂದರ ಮೇಲೆ ಸರಪಳಿ ಬಿದ್ದಿದ್ದ. ಎಡಗಾಲು ಮುರಿದಿತ್ತು. ಬಂಡೆಯ ಸಂದಿನಲ್ಲಿ ಜಿನುಗುವ ನೀರಿಗೆ ಕರ್ಚೀಫು ಒತ್ತಿ, ಹೀರಿ ಎರಡು ದಿನ ಜೀವ ಹಿಡಿದಿದ್ದ. ಮೇಲೆ ತಂದಾಗ ಗುರುತು ಹಿಡಿಯದಂತೆ ಎಲ್ಲರ ಮುಖ ನೋಡಿದ. ಸುದ್ದಿ ಕೇಳಿ ಓಡಿಬಂದಿದ್ದ ಹೆಂಡತಿಯ ಮುಖದ ಮೇಲೆ ಕಣ್ಣು ನಿಂತಿತು.

“ಮೇಷ್ಟ್ರಿಗೆ ಮೆಸೇಜ್ ಕಳಿಸಿದ್ದೆ,” ಎಂದ, ಒಣಗಿದ ನಾಲಿಗೆಯಲ್ಲಿ. “ಹೋಗಿರಲಿಲ್ವೇನೋ ಪಾಪ.”

ಹೋಗಿತ್ತು. ಒಡೆದ ಫೋನನ್ನು ಸ್ಥಳದಲ್ಲೇ ಪಂಚನಾಮೆ ಮಾಡಿ ವಶಕ್ಕೆ ಪಡೆದರು, ಸಮಯ 12.50. ಠಾಣೆಯಲ್ಲಿ ಚಾರ್ಜಿಗೆ ಹಾಕಿದಾಗ ಒಡಕು ಗಾಜಿನ ಹಿಂದೆ ಮೆಸೇಜು ಓದಲು ಸಿಕ್ಕಿತು: ಗುಂಡಿಗೆ ಬಿದ್ದೆ. ಕಾಲು ಹೋಗಿದೆ. 26.40, 52.10. ಬೇಗ ಬನ್ನಿ ಮೇಷ್ಟ್ರೇ.

ಮಧ್ಯಾಹ್ನ 3.30ಕ್ಕೆ ಲ್ಯಾಬಿನ ಬಾಗಿಲು ಬಡಿದರು. ಮೇಷ್ಟ್ರೇ ಚಿಲಕ ತೆಗೆದರು. ಎರಡು ದಿನದ ಗಡ್ಡ, ಅದೇ ಅಂಗಿ. ಅವರ ಹಿಂದೆ ಕತ್ತಲೆ ಕೋಣೆಯಲ್ಲಿ ಒಂದೇ ಪರದೆ ಉರಿಯುತ್ತಿತ್ತು.

“ಇದ್ದಾನಾ?” ಎಂದು ಅವರೇ ಮೊದಲು ಕೇಳಿದರು.

“ಇದ್ದಾರೆ.”

ಮೇಷ್ಟ್ರು ಹಿಂದಿರುಗಿ ಪರದೆಯ ಮುಂದಿನ ಕುರ್ಚಿಯಲ್ಲಿ ಕೂತರು. ದಫೇದಾರರು ನೀರು ಕೊಟ್ಟರು.

“ಸೋಮವಾರ ಫೋನಲ್ಲಿ ಸರಪಳಿ ಏನು ಹೇಳಿದ್ರು?”

“ಮೇಷ್ಟ್ರೇ, ನಿಮ್ಮ ಗೆರೆ ನೆಲದ ಮೇಲೆ ಇಲ್ಲ ಅಂದ. ಗಡಿಕಲ್ಲುಗಳೆಲ್ಲ ಇನ್ನೂರು ಮೀಟರ್ ಆಚೆ ಇವೆ ಅಂದ.”

“ನಿಜವಾ?”

“ನಿಜ. ಆರು ವರ್ಷದ ಹಿಂದೆ ಒಂದು ದಿನ ಅವಸರದಲ್ಲಿ ಈ ಗುಡ್ಡದ ಹಳೇ ನಕ್ಷೆ ಶೀಟಿಗೆ ಹೊಸ ಹೆಸರು ಕೊಟ್ಟುಬಿಟ್ಟೆ. ಪರಿವರ್ತನೆ ಮಾಡ್ಲಿಲ್ಲ. ಆ ಗೆರೆ ನಂಬಿ ಕ್ವಾರಿಯವರು ಇನ್ನೂರು ಮೀಟರ್ ಗಡಿ ದಾಟಿ ಊರಿನ ಮನೆಗಳ ಕಡೆಗೆ ಬಂದ್ರು. ಅವನು ಬಿದ್ದ ಗುಂಡಿ ಇದೆಯಲ್ಲ, ಅದು ಅಲ್ಲಿ ಇರಬಾರದಿತ್ತು.”

“ನಿಮಗೆ ಯಾವಾಗ ಗೊತ್ತಾಯ್ತು?”

“ಮಾಡಿದ ಒಂದು ವಾರಕ್ಕೇ.” ಅವರು ಗೋಡೆಯ ಪಟ್ಟಿಯ ಕಡೆ ಕೈ ತೋರಿಸಿದರು. “ಅವತ್ತೇ ಆ ಮೊದಲನೇ ಸಾಲು ಬರೆದು ಅಂಟಿಸಿದ್ದು. ಬೇರೆ ಯಾರೂ ಮಾಡ್ಬಾರ್ದು ಅಂತ.”

“ಹೇಳಬಹುದಿತ್ತಲ್ಲ?”

“ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ನಕ್ಷೆ ಬಂದಾಗಿತ್ತು. ಆಮೇಲೆ ಮತ್ತೊಂದು. ಎಲ್ಲರೂ ಮೇಷ್ಟ್ರು ಮೇಷ್ಟ್ರು ಅಂತಿದ್ರು. ನಲವತ್ತೊಂದು ಶೀಟು ಆಗಿದೆ ಮೇಡಂ, ಆ ಒಂದರ ಮೇಲೆ.”

“ಮೆಸೇಜ್ ಬಂದಾಗ?”

ಮೇಷ್ಟ್ರು ಬಾಗಿಲ ಕಡೆ ನೋಡಿದರು.

“ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲ ತನಕ ಹೋದೆ. ಒಂದು ದಿನ ಸಿಕ್ಕಿದ್ರೆ ಅವನು ಬಂದು ಬಾಯಿ ಬಿಡೋದರೊಳಗೆ ಎಲ್ಲಾ ಸರಿಮಾಡಿಬಿಡ್ತೀನಿ ಅನ್ನಿಸ್ತು. ವಾಪಸ್ ಬಂದು ಕೂತೆ.”

“ಆಮೇಲೆ ನಮಗೆ ಸುಳ್ಳು ಜಾಗ ಕೊಟ್ರಿ.”

“ಅಂಕಿ ಒಂದೂ ಬದಲಿಸಿಲ್ಲ ನಾನು.” ಅವರ ದನಿಯಲ್ಲಿ ಪಾಠ ಮಾಡುವವರ ಹಳೆಯ ಖಚಿತತೆ ಒಂದು ಕ್ಷಣ ಮಿಂಚಿತು, ಆರಿಹೋಯಿತು. “ಸೆಕೆಂಡ್ ಅನ್ನೋ ಹೆಸರು ಹಾಕಿದೆ, ಅಷ್ಟೇ. ಅದು ನೀರಿನ ಗುಂಡಿ ಮೇಲೆ ಬೀಳುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಎದ್ದು ಬರಲಿಲ್ಲ.”

“ಇಲ್ಲಿ ತನಕ ಎಷ್ಟು ಶೀಟು ಸರಿಮಾಡಿದ್ದಾಯ್ತು?”

“ಹದಿನೇಳು.”

ಪರದೆಯ ಮೇಲೆ ಹದಿನೆಂಟನೆಯ ನಕ್ಷೆ ಅರ್ಧ ತೆರೆದು ನಿಂತಿತ್ತು. ಮೇಷ್ಟ್ರು ಅದನ್ನೇ ನೋಡುತ್ತಿದ್ದರು. “ಸೇವ್ ಮಾಡ್ಲಾ?” ಎಂದರು, ತೀರ ಸಣ್ಣ ದನಿಯಲ್ಲಿ.

“ಬೇಡ. ಇರೋ ಹಾಗೇ ಬಿಡಿ. ಅದು ಸಾಕ್ಷ್ಯ.”

ಎರಡನೇ ಪಂಚನಾಮೆ ಮುಗಿದು ಮೇಷ್ಟ್ರ ಬಂಧನವಾದದ್ದು 4.40ಕ್ಕೆ. ಒಬ್ಬನ ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿದೂ ಸಹಾಯ ಸಿಗದಂತೆ ತಡೆದು, ಪೊಲೀಸರಿಗೆ ಸುಳ್ಳು ಮಾಹಿತಿ ನೀಡಿದ ಆರೋಪ. ಮೆಟ್ಟಿಲು ಇಳಿದು ಬಿಸಿಲಿಗೆ ಬಂದಾಗ ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು. ದಫೇದಾರರು ಮೊಣಕೈ ಹಿಡಿದು, ಮುಂದೆ ಕಲ್ಲಿದೆ, ನೋಡ್ಕೊಂಡು, ಎಂದರು.

ಅಂದು ಸಂಜೆ ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಕಾರಣ ಎಂಬ ಕಡೆ ಬರೆದರು: ಆರೋಪಿಗೆ ಗಾಯಾಳುವಿನ ಮೇಲೆ ದ್ವೇಷವಿರಲಿಲ್ಲ. ಲಾಭವೂ ಇರಲಿಲ್ಲ. ತಾನು ಎಲ್ಲರಿಗೂ ಕಲಿಸಿದ ಪಾಠದಲ್ಲಿ ತಾನೇ ತಪ್ಪಿದ್ದೆ ಎಂದು ಹೇಳಲು ಆರು ವರ್ಷ ಬಾಯಿ ಬರಲಿಲ್ಲ. ಬರೆದದ್ದನ್ನು ಓದಿಕೊಂಡರು. ಹೊಡೆದುಹಾಕಲಿಲ್ಲ, ಹೊಸದಾಗಿ ಏನನ್ನೂ ಸೇರಿಸಲೂ ಇಲ್ಲ.

ಗುರುವಾರ ಮಧ್ಯಾಹ್ನ 1.10. ಆಸ್ಪತ್ರೆಯಿಂದ ದಫೇದಾರರು ಆಗಷ್ಟೇ ಮರಳಿದ್ದರು. ಸರಪಳಿಯ ಕಾಲಿಗೆ ರಾಡು ಹಾಕಿದ್ದರು. ಪ್ರಜ್ಞೆ ಬಂದವನೇ ಸಾಕ್ಸ್ ಎಲ್ಲಿ ಎಂದು ಕೇಳಿ ಹೆಂಡತಿಯಿಂದ ಬೈಸಿಕೊಂಡನಂತೆ. ಆ ಕತೆಯನ್ನು ಅವರು ಇನ್‌ಸ್ಪೆಕ್ಟರಿಗೆ ಅರ್ಧ ಹೇಳಿದ್ದಾಗ ಬಾಗಿಲಲ್ಲಿ ಗಿಳಿ ಕಾಣಿಸಿದಳು.

ಅವಳು ಸೆಲ್ಲಿನ ಕಡೆ ನೋಡಲೂ ಇಲ್ಲ. ಚೀಲದಿಂದ ಸ್ಟೀಲಿನ ಊಟದ ಡಬ್ಬಿ ತೆಗೆದು, ಸೋರಿದೆಯೋ ಎಂದು ದುಪಟ್ಟಾದ ತುದಿಯಿಂದ ತಳ ಒರೆಸಿ ಮೇಜಿನ ಮೇಲಿಟ್ಟಳು.

“ಉಪ್ಪು ಕಮ್ಮಿ ಹಾಕಿದೀನಿ,” ಎಂದಳು ದಫೇದಾರರಿಗೆ. “ಅವರಿಗೆ ಬಿ.ಪಿ. ಇದೆ.”

ಇನ್‌ಸ್ಪೆಕ್ಟರ್ ರಿಜಿಸ್ಟರಿನಲ್ಲಿ ಸಮಯ ಬರೆದು, ಡಬ್ಬಿ ತೆರೆದು ನೋಡಿ, ಮುಚ್ಚಿ, ಬೀಗದ ಕೈ ಮುಂದಕ್ಕೆ ಸರಿಸಿದರು. ದಫೇದಾರರು ಸೆಲ್ಲಿನ ಬಾಗಿಲು ತೆರೆದು, ಗೋಡೆಗೆ ಮುಖ ಮಾಡಿ ಕೂತಿದ್ದವರ ಎರಡೂ ಕೈಗಳಿಗೆ ಅದನ್ನು ಕೊಟ್ಟರು. ಡಬ್ಬಿ ಇನ್ನೂ ಬಿಸಿಯಾಗಿತ್ತು.